ಅಬ್ಬಿಯ ಮೇಲಿನ ಮನೆ

ಬೇಸಗೆಯ ರಜೆಯಲ್ಲಿ ನಾಲ್ಕು ದಿನ ಮಡಿಕೇರಿಗೋ ಕೆಮ್ಮಣ್ಣುಗುಂಡಿಗೋ ಹೋಗಿ ಬಂದ ಪಟ್ಟಣಿಗರು ಹಿಂದಿರುಗುವ ಬಸ್ಸಿನಲ್ಲಿ ಕುಳಿತು ಸಾಮಾನ್ಯವಾಗಿ ಒಂದು ಮಾತನ್ನಾಡುತ್ತಾರೆ: "ಇಲ್ಲೇ ಎಲ್ಲಾದರೂ ಒಂದು ತುಂಡು ಜಾಗ ಕೊಂಡು, ಪುಟ್ಟದೊಂದು ಮನೆ ಕಟ್ಟಿಕೊಂಡು ಇದ್ದುಬಿಡಬಹುದಿತ್ತು." ನೀವೂ ಆಡಿರಬಹುದು. ಬಸ್ಸು ಘಟ್ಟ ಇಳಿಯುವ ಹೊತ್ತಿಗೆ ಆ ಮನೆಯ ಜಗಲಿ, ಕಿಟಕಿ, ಕಿಟಕಿಯಾಚೆಯ ಕಣಿವೆ ಎಲ್ಲವೂ ಮನಸ್ಸಿನಲ್ಲಿ ಸಿದ್ಧವಾಗಿರುತ್ತವೆ. ಊರು ಸೇರಿ, ಮರುದಿನ ಕಚೇರಿಗೆ ಹೊರಟ ಮೇಲೆ ಆ ಮನೆ ಮಾಯವಾಗುತ್ತದೆ. ದೂರದ ಬೆಟ್ಟ ನುಣ್ಣಗೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಬೆಟ್ಟದಲ್ಲಿ ಮನೆ ಮಾಡಿದವರ ಅಂಜಿಕೆಯ ಮಾತು ಬಂದರೆ ಅಕ್ಕಮಹಾದೇವಿಯ ವಚನ ನೆನಪಾಗದ ಕನ್ನಡಿಗರಿಲ್ಲ. ಅದನ್ನು ಇಲ್ಲಿ ಮತ್ತೆ ಹೇಳಬೇಕಾಗಿಲ್ಲ.

ಕನಸು ಕಂಡಷ್ಟಕ್ಕೆ ನಿಲ್ಲದೆ ಬೆಟ್ಟದೊಳಗೆ ಮನೆ ಕಟ್ಟಿಸಿಯೇ ತೀರಿದ ಒಬ್ಬ ವ್ಯಾಪಾರಿಯ ಕಥೆಯನ್ನೂ, ಅದನ್ನು ಕಟ್ಟಿಕೊಟ್ಟ ಒಬ್ಬ ಹಠಮಾರಿ ವಾಸ್ತುಶಿಲ್ಪಿಯ ಕಥೆಯನ್ನೂ ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ. ಇದು ನಡೆದುದು ಅಮೆರಿಕದ ಪೆನ್ಸಿಲ್ವೇನಿಯ ಸಂಸ್ಥಾನದಲ್ಲಿ, ೧೯೩೪ರ ಕೊನೆಯಿಂದ ಮೂರು ನಾಲ್ಕು ವರ್ಷಗಳ ಅವಧಿಯಲ್ಲಿ. ಸುತ್ತಲಿನ ನಿಸರ್ಗಕ್ಕೆ ಹೊಂದಿಕೊಂಡ ಮನೆ ಎಂದರೇನು? ಹಸಿರು ಬಣ್ಣ ಬಳಿದರೆ ಸಾಕೆ? ಕಾಡುಗಲ್ಲು, ಕಾಡುಮರ ಬಳಸಿದರೆ ಸಾಕೆ? ಅಥವಾ ಅದಕ್ಕಿಂತ ಹೆಚ್ಚಿನದೇನಾದರೂ ಬೇಕೆ? ಈ ಪ್ರಶ್ನೆಗಳಿಗೆ ಆ ಮನೆಯ ಚರಿತ್ರೆಯಲ್ಲಿ ಒಳ್ಳೆಯ ಉತ್ತರವಿದೆ.

ನೀವು ರೇಡಿಯೋ ಇಟ್ಟುಕೊಂಡವರು. ಕಣ್ಣಿಗೆ ಕಾಣದುದನ್ನು ಕಿವಿಯಿಂದ ಬರಮಾಡಿಕೊಂಡು ನಡುಮನೆಯಲ್ಲಿ ಕೂರಿಸಿಕೊಳ್ಳುವುದು ನಿಮಗೆ ನಿತ್ಯದ ಅಭ್ಯಾಸ. ಆದುದರಿಂದ ಈ ಮನೆಯ ಗುಟ್ಟು ನಿಮಗೆ ಬೇಗ ಹಿಡಿದೀತು. ಅಬ್ಬಿಯ ನೆತ್ತಿಯ ಮೇಲೆಯೇ ಕಟ್ಟಿದ ಮನೆ ಇದು; ಆದರೂ ಒಳಗೆ ಕುಳಿತವರಿಗೆ ಅಬ್ಬಿ ಕಾಣಿಸುವುದಿಲ್ಲ, ಕೇಳಿಸುತ್ತದೆ.

ಮೊದಲು ಕಟ್ಟಿದವನ ವಿಚಾರ. ಫ್ರಾಂಕ್ ಲಾಯ್ಡ್ ರೈಟ್ ಹುಟ್ಟಿದುದು ೧೮೬೭ರಲ್ಲಿ, ವಿಸ್ಕಾನ್ಸಿನ್ ಸಂಸ್ಥಾನದಲ್ಲಿ. ತಾಯಿಯ ಕಡೆಯವರು ವೇಲ್ಸ್ ದೇಶದಿಂದ ಬಂದು ಒಂದು ಕಣಿವೆಯಲ್ಲಿ ನೆಲೆನಿಂತ ಒಕ್ಕಲಿಗರು. ಹುಡುಗ ರೈಟ್ ಬೇಸಗೆಯ ತಿಂಗಳುಗಳನ್ನು ಸೋದರಮಾವನ ಹೊಲದಲ್ಲಿ ದುಡಿಯುತ್ತ ಕಳೆದ. ಆ ಗುಡ್ಡಗಳ ಏರುತಗ್ಗು, ಕಲ್ಲಿನ ಪದರ, ಮರಗಳ ನೆರಳು ಇವು ಅವನ ಮೊದಲ ಪಾಠಗಳು. ೧೯೧೧ರಲ್ಲಿ ಅದೇ ಕಣಿವೆಯಲ್ಲಿ ತನಗಾಗಿ ಮನೆ ಕಟ್ಟಿಕೊಂಡಾಗ ಅದಕ್ಕೆ 'ಟೆಲಿಯೆಸಿನ್' ಎಂದು ವೇಲ್ಸ್ ಭಾಷೆಯ ಹೆಸರಿಟ್ಟ. ಹೊಳೆಯುವ ಹುಬ್ಬು ಎಂದು ಅದರ ಅರ್ಥ. ಗುಡ್ಡದ ನೆತ್ತಿಯ ಮೇಲೆ ಮನೆಯನ್ನು ಕೂರಿಸದೆ, ನೆತ್ತಿಗಿಂತ ಸ್ವಲ್ಪ ಕೆಳಗೆ, ಹುಬ್ಬಿನಂತೆ ಇಳಿಜಾರಿನ ಸುತ್ತ ಹಬ್ಬಿಸಿದ. ಅವನ ವಾದ ಸರಳವಾದುದು. ಗುಡ್ಡದ ತುದಿಯಲ್ಲಿ ಮನೆ ಕಟ್ಟಿದರೆ ಮನೆ ಸಿಗುತ್ತದೆ, ಗುಡ್ಡ ಹೋಗುತ್ತದೆ. ಅಂಚಿನಲ್ಲಿ ಕಟ್ಟಿದರೆ ಎರಡೂ ಉಳಿಯುತ್ತವೆ. ಈ ಮನೆ ೧೯೧೪ರಲ್ಲಿ ಒಮ್ಮೆ, ೧೯೨೫ರಲ್ಲಿ ಮತ್ತೊಮ್ಮೆ ಬೆಂಕಿಗೆ ತುತ್ತಾಯಿತು. ಎರಡು ಸಲವೂ ಆತ ಅದೇ ಹುಬ್ಬಿನ ಮೇಲೆ ಮತ್ತೆ ಕಟ್ಟಿದ.

ಆದರೆ ೧೯೩೦ರ ಸುಮಾರಿಗೆ ರೈಟ್‌ನ ದೆಸೆ ಇಳಿಮುಖವಾಗಿತ್ತು. ಅಮೆರಿಕದಲ್ಲಿ ಆರ್ಥಿಕ ಮುಗ್ಗಟ್ಟು. ಮನೆ ಕಟ್ಟಿಸುವವರೇ ಕಡಮೆ. ವಯಸ್ಸು ಅರುವತ್ತು ದಾಟಿತ್ತು. ಯುರೋಪಿನಿಂದ ಬಂದ ಹೊಸ ಪಂಥದ ತರುಣ ಶಿಲ್ಪಿಗಳು ಈತನ ಕಾಲ ಮುಗಿಯಿತೆಂದು ಲೆಕ್ಕ ಹಾಕಿದ್ದರು. ಜೀವನೋಪಾಯಕ್ಕೆಂದೇ ಎನ್ನಬಹುದಾದಂತೆ ೧೯೩೨ರಲ್ಲಿ ತನ್ನ ಮನೆಯನ್ನೇ ಗುರುಕುಲವಾಗಿ ಮಾರ್ಪಡಿಸಿ ಶಿಷ್ಯರನ್ನು ಸೇರಿಸಿಕೊಂಡ. ೧೯೩೪ರಲ್ಲಿ ಬಂದು ಸೇರಿದ ಶಿಷ್ಯರಲ್ಲಿ ಎಡ್ಗರ್ ಕಾಫ್‌ಮನ್ ಎಂಬ ತರುಣನೊಬ್ಬ. ರೈಟ್‌ನ ಆತ್ಮಕಥೆಯನ್ನು ಓದಿ ಮರುಳಾಗಿ ಬಂದವನು. ತಂದೆಯ ಹೆಸರೂ ಎಡ್ಗರ್ ಕಾಫ್‌ಮನ್. ಪಿಟ್ಸ್‌ಬರ್ಗ್ ನಗರದ ದೊಡ್ಡ ಜವಳಿ ಮತ್ತು ಸರ್ವಸಾಮಾನಿನ ಮಳಿಗೆಯ ಸಾಹುಕಾರ. ಮಗನನ್ನು ನೋಡಲು ಬಂದ ತಂದೆತಾಯಿಗಳಿಗೆ ಗುರುವಿನ ಪರಿಚಯವಾಯಿತು.

ಪಿಟ್ಸ್‌ಬರ್ಗ್ ಎಂದರೆ ಆಗ ಉಕ್ಕಿನ ಕಾರ್ಖಾನೆಗಳ ಊರು. ಹೊಗೆ ಕವಿದು ಹಾಡುಹಗಲೇ ಬೀದಿದೀಪ ಉರಿಸಬೇಕಾದ ದಿನಗಳಿದ್ದವು. ಅಂಥ ಊರಿನವರಿಗೆ ವಾರಕ್ಕೊಮ್ಮೆಯಾದರೂ ಉಸಿರಾಡಲು ಒಂದು ಜಾಗ ಬೇಡವೆ? ಊರಿನಿಂದ ಸುಮಾರು ೭೦ ಮೈಲಿ ದೂರದಲ್ಲಿ, ಅಲೆಘೇನಿ ಬೆಟ್ಟಗಳ ನಡುವೆ, ಬೇರ್ ರನ್ ಎಂಬ ಒಂದು ಹಳ್ಳ ಹರಿಯುತ್ತದೆ. ಕನ್ನಡದಲ್ಲಿ ಕರಡಿಹಳ್ಳ ಎನ್ನೋಣ. ಕಾಫ್‌ಮನ್ ಮಳಿಗೆಯ ನೌಕರರು ಬೇಸಗೆಯಲ್ಲಿ ಬಂದು ತಂಗುತ್ತಿದ್ದ ಜಾಗ ಅದು. ಆ ಕಣಿವೆಯೂ ಮುಟ್ಟದ ಕಾಡೇನಲ್ಲ. ಹಿಂದಿನವರು ಅಲ್ಲಿ ಮರ ಕಡಿದಿದ್ದರು, ಕಲ್ಲಿದ್ದಲು ತೋಡಿದ್ದರು. ಕಾಫ್‌ಮನ್ ಕುಟುಂಬದವರು ಜಾಗವನ್ನು ತಮ್ಮದಾಗಿಸಿಕೊಂಡ ಮೇಲೆ ಸಸಿ ನೆಡಿಸಿದರು, ಕಾಡು ಮತ್ತೆ ಬೆಳೆಯಲು ಬಿಟ್ಟರು. ಹಳ್ಳ ಒಂದೆಡೆ ಕಲ್ಲಿನ ಹಾಸನ್ನು ದಾಟಿ ಅಬ್ಬಿಯಾಗಿ ಧುಮುಕುತ್ತಿತ್ತು. ಅದರ ಮೇಲ್ಗಡೆ ಒಂದು ದೊಡ್ಡ ಬಂಡೆ. ನೀರಲ್ಲಿ ಮಿಂದವರು ಆ ಬಂಡೆಯ ಮೇಲೆ ಬಿಸಿಲು ಕಾಯಿಸುತ್ತ ಮಲಗುವುದು ವಾಡಿಕೆ. ಈ ಬಂಡೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

೧೯೩೪ರ ಡಿಸೆಂಬರಿನಲ್ಲಿ ರೈಟ್ ಆ ಸ್ಥಳವನ್ನು ನೋಡಿದ. ಹಿಂದಿರುಗಿದವನು ಮನೆಯ ನಕ್ಷೆ ಕಳಿಸಲಿಲ್ಲ. ಬದಲಾಗಿ ಸ್ಥಳದ ನಕ್ಷೆಯನ್ನು ತನಗೆ ಕಳಿಸಿಕೊಡಿ ಎಂದು ಕೇಳಿದ. ಬರಿಯ ಎಲ್ಲೆಕಟ್ಟಿನ ನಕ್ಷೆಯಲ್ಲ. ನೆಲದ ಏರಿಳಿತ, ಒಂದೊಂದು ದೊಡ್ಡ ಬಂಡೆ, ಒಂದೊಂದು ದೊಡ್ಡ ಮರ, ಎಲ್ಲವನ್ನೂ ಅಳೆದು ಗುರುತಿಸಿದ ನಕ್ಷೆ. ಅದು ಮರುವರ್ಷ ಮಾರ್ಚಿನಲ್ಲಿ ಅವನ ಕೈ ಸೇರಿತು. ಸಾಧಾರಣವಾಗಿ ನಾವು ಮಾಡುವುದೇನು? ಮನೆಯ ನಕ್ಷೆಯನ್ನು ಮೊದಲು ಬರೆಸಿ, ಅದಕ್ಕೆ ತಕ್ಕಂತೆ ಜಾಗವನ್ನು ತಟ್ಟಿ ತಿದ್ದುತ್ತೇವೆ. ರೈಟ್ ಮೊದಲು ಬೆಟ್ಟದ ಜಾತಕ ಬರೆಸಿ, ಅದಕ್ಕೆ ಕೂಡಿಬರುವ ಮನೆಯನ್ನು ಆಮೇಲೆ ಹುಡುಕಿದ.

ಆಮೇಲೆ ತಿಂಗಳುಗಳು ಉರುಳಿದವು. ಕಾಗದದ ಮೇಲೆ ಒಂದು ಗೆರೆಯೂ ಮೂಡಲಿಲ್ಲ. ೧೯೩೫ರ ಸೆಪ್ಟೆಂಬರ್ ೨೨ರಂದು ಸಾಹುಕಾರ ಕಾಫ್‌ಮನ್ ಮಿಲ್ವಾಕಿ ಊರಿನಿಂದ ಟೆಲಿಫೋನು ಮಾಡಿ, ತಾನು ನಕ್ಷೆ ನೋಡಲು ಹೊರಟು ಬರುತ್ತಿರುವುದಾಗಿ ತಿಳಿಸಿದ. ಕಾರಿನಲ್ಲಿ ಎರಡು ಮೂರು ಗಂಟೆಯ ದಾರಿ. ಶಿಷ್ಯರಿಗೆ ಎದೆ ಡವಡವ. ಗುರು ಮಾತ್ರ ಬನ್ನಿ, ಎಲ್ಲ ಸಿದ್ಧವಾಗಿದೆ ಎಂಬರ್ಥದ ಉತ್ತರ ಕೊಟ್ಟು, ಮೇಜಿನ ಮುಂದೆ ಕುಳಿತು, ಸ್ಥಳದ ನಕ್ಷೆಯನ್ನು ಹರಡಿಕೊಂಡು ಬರೆಯತೊಡಗಿದ. ಶಿಷ್ಯರು ಮುಂದೆ ನೆನೆದು ಹೇಳಿದಂತೆ, ಪೆನ್ಸಿಲು ಚೂಪು ಮಾಡಿಕೊಡುವುದೇ ಅವರಿಗೆ ಕೈತುಂಬ ಕೆಲಸವಾಯಿತಂತೆ. ಒಂದೊಂದು ಅಂತಸ್ತಿನ ನಕ್ಷೆ ಮೂಡುತ್ತ ಹೋಯಿತು. ಅತಿಥಿ ಬಾಗಿಲಿಗೆ ಬರುವ ಹೊತ್ತಿಗೆ ಮನೆ ಕಾಗದದ ಮೇಲಿತ್ತು. ಇದನ್ನು ಪವಾಡವೆಂದು ಹೇಳುವವರುಂಟು. ಪವಾಡವಲ್ಲ. ಒಂಬತ್ತು ತಿಂಗಳು ಮನಸ್ಸಿನಲ್ಲಿ ಹೊತ್ತದ್ದನ್ನು ಎರಡು ಮೂರು ಗಂಟೆಯಲ್ಲಿ ಹೆತ್ತ, ಅಷ್ಟೇ.

ಆದರೆ ನಕ್ಷೆ ನೋಡಿದ ಕಾಫ್‌ಮನ್‌ಗೆ ಅಚ್ಚರಿ ಕಾದಿತ್ತು. ಹಳ್ಳದ ತಗ್ಗಿನಲ್ಲಿ, ಅಬ್ಬಿಗೆ ಎದುರಾಗಿ ಮನೆ ಬರುತ್ತದೆ, ಕಿಟಕಿಯಲ್ಲಿ ಕುಳಿತು ಅಬ್ಬಿಯ ಚಂದ ನೋಡಬಹುದು ಎಂದು ಆತ ನೆಚ್ಚಿಕೊಂಡಿದ್ದ. ನಾವೆಲ್ಲರೂ ಹಾಗೆಯೇ ಬಯಸುತ್ತಿದ್ದೆವು, ಅಲ್ಲವೆ? ರೈಟ್ ಮನೆಯನ್ನು ತಂದು ಅಬ್ಬಿಯ ಮೇಲೆಯೇ ಇಟ್ಟಿದ್ದ. ಅಬ್ಬಿಯನ್ನು ಬರಿದೆ ನೋಡುತ್ತ ಕೂರುವುದಕ್ಕಿಂತ ಅದರ ಜೊತೆಯಲ್ಲಿ ಬಾಳಬೇಕೆಂಬುದು ಅವನ ಸಮಾಧಾನ. ಯೋಚಿಸಿ ನೋಡಿ. ಕಿಟಕಿಯ ಚೌಕಟ್ಟಿನಲ್ಲಿ ಹಿಡಿದಿಟ್ಟ ನೋಟ ಗೋಡೆಯ ಪಟದಂತೆ. ಆರು ತಿಂಗಳಲ್ಲಿ ಕಣ್ಣು ಅದಕ್ಕೆ ಒಗ್ಗಿ, ನೋಡುವುದನ್ನೇ ಮರೆಯುತ್ತದೆ. ದನಿಯ ರೀತಿ ಬೇರೆ. ಮಳೆಗಾಲದಲ್ಲಿ ಮೊರೆತ, ಬೇಸಗೆಯಲ್ಲಿ ಗುನುಗು, ಚಳಿಗೆ ಹಳ್ಳ ಹೆಪ್ಪುಗಟ್ಟಿದಾಗ ಮೌನ. ಮನೆಯವರು ಮಲಗಿದ್ದಾಗಲೂ ಅದು ಮನೆಯೊಳಗೆ ಓಡಾಡುತ್ತಿರುತ್ತದೆ. ಅಬ್ಬಿಯನ್ನು ಕಣ್ಣಾರೆ ನೋಡಬೇಕಾದರೆ ಮನೆಯಿಂದ ಹೊರಟು, ಕಾಡುದಾರಿಯಲ್ಲಿ ಇಳಿದು, ಹಳ್ಳದ ಕೆಳಗಡೆ ಹೋಗಿ ನಿಲ್ಲಬೇಕು. ಅಲ್ಲಿ ನಿಂತಾಗ ಮನೆಯೂ ಅಬ್ಬಿಯೂ ಒಂದೇ ನೋಟವಾಗಿ ಕಾಣುತ್ತವೆ. ಮನೆಗೆ ಇಟ್ಟ ಹೆಸರು ಫಾಲಿಂಗ್‌ವಾಟರ್, ಬೀಳುವ ನೀರು.

ಇನ್ನು ಕಟ್ಟಿದ ಬಗೆ. ಗೋಡೆಗಳಿಗೆ ಬೇಕಾದ ಮರಳುಗಲ್ಲನ್ನು ಅದೇ ಜಮೀನಿನ ಕಲ್ಲುಗಣಿಯಿಂದ ತೆಗೆಸಿದರು. ಕಲ್ಲನ್ನು ನಯವಾಗಿ ಕೆತ್ತಿ ಒಂದೇ ಸಮ ಜೋಡಿಸಲಿಲ್ಲ. ಹಳ್ಳದ ದಂಡೆಯಲ್ಲಿ ಬಂಡೆಯ ಪದರಗಳು ಹೇಗೆ ಒಂದು ಹೊರಚಾಚಿ ಒಂದು ಒಳಸರಿದು ಮಲಗಿವೆಯೋ ಹಾಗೆಯೇ ಗೋಡೆಯಲ್ಲೂ ಒರಟಾಗಿ, ಅಡ್ಡಡ್ಡಲಾಗಿ ಇರಿಸಿದರು. ಕಾಂಕ್ರೀಟಿನ ಭಾಗಗಳಿಗೆ ಮೊದಲು ಚಿನ್ನದ ರೇಕು ಹೊದಿಸುವ ಯೋಚನೆ ರೈಟ್‌ಗೆ ಬಂದಿತ್ತು! ದೊಡ್ಡವರ ತಲೆಗೂ ಇಂಥ ಯೋಚನೆ ಹೊಳೆಯುವುದುಂಟು. ಯಜಮಾನ ಒಪ್ಪಲಿಲ್ಲ. ಕೊನೆಗೆ ಬಂದದ್ದು ಒಣಗಿದ ಎಲೆಯನ್ನು ನೆನಪಿಗೆ ತರುವ ತಿಳಿಯಾದ ಕಾವಿ ಹಳದಿ. ಕಿಟಕಿಯ ಉಕ್ಕಿಗೆ ಕೆಂಪು. ಇಡೀ ಮನೆಯ ಹೊರಮೈಗೆ ಹೆಚ್ಚುಕಡಮೆ ಈ ಎರಡೇ ಬಣ್ಣ, ಮತ್ತು ಕಲ್ಲಿನ ಸ್ವಂತ ಬಣ್ಣ.

ಬಿಸಿಲು ಕಾಯಿಸುತ್ತಿದ್ದ ಆ ಬಂಡೆ ಏನಾಯಿತು? ಅದನ್ನು ಸಿಡಿಸಿ ತೆಗೆಯಲಿಲ್ಲ. ಅದರ ಸುತ್ತಲೇ ನಡುಮನೆ ಬಂದಿತು. ಬಂಡೆಯ ತಲೆ ನೆಲದಿಂದ ಮೇಲೆದ್ದು ಅಗ್ಗಿಷ್ಟಿಕೆಯ ಮುಂದಿನ ಹಾಸುಗಲ್ಲಾಯಿತು. ಅದನ್ನು ನೆಲದ ಮಟ್ಟಕ್ಕೆ ಕತ್ತರಿಸಬೇಕೆಂದು ಮೊದಲು ಗೊತ್ತಾಗಿತ್ತು. ಇದ್ದ ಹಾಗೆಯೇ ಇರಲಿ ಎಂದವನು ಯಜಮಾನ ಕಾಫ್‌ಮನ್. ನೆಲಕ್ಕೆ ಹಾಸಿದ ಚಪ್ಪಡಿಗಳಿಗೆಲ್ಲ ಮೇಣ ಉಜ್ಜಿ ಹೊಳಪು ತಂದರು, ಈ ಬಂಡೆಗೆ ಮಾತ್ರ ಉಜ್ಜಲಿಲ್ಲ. ಹೊಳೆಯುವ ನೆಲ ನೀರಿನಂತೆ, ಬಂಡೆ ಆ ನೀರಿನಿಂದ ತಲೆಯೆತ್ತಿ ಒಣಗಿದ ಕಲ್ಲಿನಂತೆ ಕಾಣುತ್ತದೆ. ಹಿಂದೆ ಬಿಸಿಲಲ್ಲಿ ಕುಟುಂಬ ಕೂಡುತ್ತಿದ್ದ ಕಲ್ಲಿನ ಮೇಲೆಯೇ ಈಗ ಬೆಂಕಿಯ ಮುಂದೆ ಕೂಡುವಂತಾಯಿತು. ಮನೆಗಳಲ್ಲಿ ಒಲೆಯ ಜಾಗವೇ ಮನೆಯ ಜೀವ ಎಂಬುದನ್ನು ನಮ್ಮ ಹೆಂಗಸರಿಗೆ ಯಾವ ಶಿಲ್ಪಿಯೂ ಹೇಳಿಕೊಡಬೇಕಾಗಿಲ್ಲ.

ಇಂಥ ಸೂಕ್ಷ್ಮಗಳು ಇನ್ನೂ ಎಷ್ಟೋ ಇವೆ. ಹಲವೆಡೆ ಕಿಟಕಿಯ ಗಾಜನ್ನು ಚೌಕಟ್ಟಿಲ್ಲದೆ ನೇರವಾಗಿ ಕಲ್ಲುಗೋಡೆಯ ಗಾಡಿಯಲ್ಲಿ ಕೂರಿಸಿದ್ದಾರೆ. ಒಳಗಿನ ಗೋಡೆಯೇ ಹೊರಗೂ ಮುಂದುವರಿದಂತೆ ತೋರುತ್ತದೆ. ಕೆಲವು ಮೂಲೆಗಳಲ್ಲಿ ಕಂಬವೇ ಇಲ್ಲ. ಎರಡು ಕಿಟಕಿಗಳನ್ನು ತೆರೆದರೆ ಮೂಲೆಯೇ ಮಾಯವಾಗಿ ಕಾಡು ಒಳಗೆ ಬರುತ್ತದೆ. ಮಾಳಿಗೆ ತಗ್ಗು, ಕೆಲವೆಡೆ ಆರೂವರೆ ಅಡಿಯೂ ಇಲ್ಲ. ತಲೆಯೆತ್ತಿ ನೋಡಲು ಏನೂ ಇಲ್ಲದ್ದರಿಂದ ಕಣ್ಣು ತಾನಾಗಿ ಹೊರಗೆ ಮರಗಳತ್ತ ಹರಿಯುತ್ತದೆ. ನಡುಮನೆಯಿಂದ ಒಂದು ಮೆಟ್ಟಿಲಸಾಲು ನೇರವಾಗಿ ಹಳ್ಳದ ನೀರಿಗೆ ಇಳಿಯುತ್ತದೆ. ಬಾಗಿಲ ಬಳಿ ಒರತೆಯ ನೀರು ಬೀಳುವ ಪುಟ್ಟ ತೊಟ್ಟಿ, ಕಾಲು ತೊಳೆದು ಒಳಗೆ ಬರುವುದಕ್ಕೆ. ಇದನ್ನು ಓದಿ ನಮ್ಮ ಅಜ್ಜಿಯರು ಮೆಚ್ಚಿ ತಲೆದೂಗುತ್ತಿದ್ದರು. ಮನೆಯ ಹಿಂದೆ ಗಾಡಿದಾರಿಯ ಮೇಲೆ ಹಾದ ಕಾಂಕ್ರೀಟಿನ ತೊಲೆಗಳಲ್ಲಿ ಒಂದು, ಅಡ್ಡ ಬಂದ ಮರವನ್ನು ಕಡಿಸದೆ, ಮರದ ಬೊಡ್ಡೆಯನ್ನು ಬಳಸಿ ಬಾಗಿ ಹೋಗಿದೆ. ಬೀರುಗಳ ಒಳಗಿನ ಹಲಗೆಗಳು ಬೆತ್ತದ ಹೆಣಿಗೆಯವು. ಹಳ್ಳದ ತೇವಕ್ಕೆ ಬಟ್ಟೆ ಬೂಷ್ಟು ಹಿಡಿಯದಂತೆ ಗಾಳಿಯಾಡಲಿ ಎಂದು.

ಮನೆಯೊಡತಿ ಲಿಲಿಯನ್ ಕೂಡ ಸುಮ್ಮನೆ ಒಪ್ಪಿಕೊಳ್ಳುವವಳಲ್ಲ. ಊಟದ ಮೇಜಿಗೆ ರೈಟ್ ತನ್ನದೇ ವಿನ್ಯಾಸದ ಕುರ್ಚಿಗಳನ್ನು ಸೂಚಿಸಿದ. ಆಕೆ ಬೇಡವೆಂದು ಇಟಲಿಯ ರೈತರ ಮೂರು ಕಾಲಿನ ಕುರ್ಚಿಗಳನ್ನು ತಂದಿರಿಸಿದಳು. ಏಕೆಂದರೆ ಒರಟು ಚಪ್ಪಡಿಯ ನೆಲದ ಮೇಲೆ ನಾಲ್ಕು ಕಾಲಿನದು ಕುಂಟುತ್ತದೆ, ಮೂರು ಕಾಲಿನದು ಕುಂಟುವುದಿಲ್ಲ. ಜಾಗಕ್ಕೆ ಹೊಂದಿಕೊಳ್ಳುವುದೆಂದರೇನೆಂದು ಆ ಒಂದು ಗಳಿಗೆಯಲ್ಲಿ ಶಿಲ್ಪಿಗಿಂತ ಗೃಹಿಣಿಗೇ ಹೆಚ್ಚು ತಿಳಿದಿತ್ತು.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಹೊಗಳಿಕೆಯಾದೀತು, ಚರಿತ್ರೆಯಾಗದು. ಈ ಮನೆಗೆ ಇನ್ನೊಂದು ಮುಖವಿದೆ.

ಅಬ್ಬಿಯ ಮೇಲೆ ಮನೆ ನಿಲ್ಲುವುದು ಹೇಗೆ? ನೀರಿನ ನಡುವೆ ಕಂಬ ಊರುವಂತಿಲ್ಲ. ಗೋಡೆಗೆ ಹೊಡೆದ ಗೂಟವನ್ನು ನೋಡಿದ್ದೀರಷ್ಟೆ. ಒಂದು ತುದಿ ಗೋಡೆಯೊಳಗೆ ಭದ್ರ, ಇನ್ನೊಂದು ತುದಿ ಗಾಳಿಯಲ್ಲಿ. ಅದರ ಮೇಲೆ ನೊಗವನ್ನೋ ಕೊಡೆಯನ್ನೋ ತೂಗುಹಾಕುತ್ತೇವೆ. ಮರದ ಕೊಂಬೆ ನಿಂತಿರುವುದೂ ಹೀಗೆಯೇ. ಇಂಜಿನಿಯರುಗಳು ಇದನ್ನು ಕ್ಯಾಂಟಿಲಿವರ್ ಎನ್ನುತ್ತಾರೆ. ರೈಟ್ ಮನೆಯ ಬೆನ್ನನ್ನು ಬೆಟ್ಟಕ್ಕೆ ಆನಿಸಿ, ಕಾಂಕ್ರೀಟಿನ ದೊಡ್ಡ ಬಿಸಿಲುಮಚ್ಚುಗಳನ್ನು ಗೂಟದಂತೆ ಹಳ್ಳದ ಮೇಲೆ ಚಾಚಿದ. ನಡುಮನೆಯ ನೆಲ ಆಧಾರದಿಂದ ಸುಮಾರು ೧೫ ಅಡಿ ಹೊರಕ್ಕೆ ಬಂದಿದೆ. ಕಾಂಕ್ರೀಟು ಭಾರವನ್ನು ಹೊರುವುದರಲ್ಲಿ ಗಟ್ಟಿ, ಎಳೆತಕ್ಕೆ ದುರ್ಬಲ. ಹೀಗೆ ಚಾಚಿದ ತೊಲೆಯ ಮೇಲ್ಭಾಗದಲ್ಲಿ ಎಳೆತ ಹೆಚ್ಚು. ಅಲ್ಲಿ ಉಕ್ಕಿನ ಸರಳುಗಳು ಬೇಕಾದಷ್ಟಿದ್ದರೆ ಮಾತ್ರ ಅದು ತಾಳುತ್ತದೆ.

ಬೇಕಾದಷ್ಟು ಎಂದರೆ ಎಷ್ಟು? ಜಗಳ ಹುಟ್ಟಿದ್ದು ಇಲ್ಲಿಯೇ. ಅಂಜಿದ ಕಾಫ್‌ಮನ್ ನಕ್ಷೆಗಳನ್ನು ಬೇರೆ ಇಂಜಿನಿಯರುಗಳಿಗೆ ತೋರಿಸಿದ. ಅವರು ಸಂದೇಹ ಸೂಚಿಸಿ ವರದಿ ಕೊಟ್ಟರು. ರೈಟ್ ಕೆಂಡಾಮಂಡಲವಾಗಿ, ಇಂಥ ಮನೆಗೆ ನೀನು ಯೋಗ್ಯನಲ್ಲ, ನಕ್ಷೆಗಳನ್ನು ಹಿಂದಕ್ಕೆ ಕೊಡು ಎಂಬ ಧಾಟಿಯಲ್ಲಿ ಬರೆದ. ಸಾಹುಕಾರ ಕ್ಷಮೆ ಕೇಳಿದ. ಆ ವರದಿಯನ್ನು ಮನೆಯ ಕಲ್ಲುಗೋಡೆಯೊಳಗೇ ಹೂತುಬಿಟ್ಟರೆಂದು ಹೇಳುತ್ತಾರೆ. ಆದರೆ ಅಂಜಿಕೆಯನ್ನು ಹೂಳಲಾಗಲಿಲ್ಲ. ೧೯೩೬ರ ಆಗಸ್ಟಿನಲ್ಲಿ ನಡುಮನೆಯ ನೆಲಕ್ಕೆ ಕಾಂಕ್ರೀಟು ಸುರಿಯುವ ಹೊತ್ತಿಗೆ, ರೈಟ್‌ನ ಒಪ್ಪಿಗೆಯಿಲ್ಲದೆ, ಆ ಇಂಜಿನಿಯರುಗಳು ಮುಖ್ಯ ತೊಲೆಗಳಲ್ಲಿ ೮ ಸರಳುಗಳಿದ್ದಲ್ಲಿ ೧೬ ಸರಳುಗಳನ್ನು ಹಾಕಿಸಿದರು. ವಿಷಯ ತಿಳಿದ ಮೇಲೆ ಗುರುವಿನ ಕೋಪ ಹೇಗಿತ್ತೆಂದು ಬಣ್ಣಿಸಬೇಕಾಗಿಲ್ಲ. ಹೆಚ್ಚಿನ ಉಕ್ಕಿನ ಭಾರದಿಂದಲೇ ಕೆಡುಕು ಎಂಬುದು ಅವನ ವಾದ.

ಅಚ್ಚಿನ ಹಲಗೆಗಳನ್ನು ಬಿಚ್ಚಿದಾಗ ಚಾಚುಮಚ್ಚಿನ ತುದಿ ಸುಮಾರು ಒಂದೂಮುಕ್ಕಾಲು ಅಂಗುಲ ಕೆಳಗಿಳಿಯಿತು. ಹೀಗಾಗುವುದೆಂದು ಮೊದಲೇ ತಿಳಿದು ಅಚ್ಚನ್ನು ತುಸು ಮೇಲೆತ್ತಿ ಕಟ್ಟುವುದು ಪದ್ಧತಿ. ಇಲ್ಲಿ ಹಾಗೆ ಮಾಡಿರಲಿಲ್ಲ. ಮಚ್ಚಿನ ತಡೆಗೋಡೆಗಳಲ್ಲಿ ಬಿರುಕು ಕಂಡಿತು. ಮುಚ್ಚಿದರೆ ಮತ್ತೆ ಬಿಟ್ಟಿತು. ಜಗತ್ತೆಲ್ಲ ಕೊಂಡಾಡುತ್ತಿತ್ತು, ೧೯೩೮ರ ಜನವರಿಯಲ್ಲಿ 'ಟೈಮ್' ಪತ್ರಿಕೆ ರೈಟ್‌ನ ಚಿತ್ರವನ್ನೂ ಹಿಂದೆ ಈ ಮನೆಯ ಚಿತ್ರವನ್ನೂ ಮುಖಪುಟದಲ್ಲಿ ಅಚ್ಚುಹಾಕಿತು. ಮನೆಯ ಯಜಮಾನ ಮಾತ್ರ ೧೯೪೧ರಿಂದ ೧೯೫೫ರಲ್ಲಿ ತಾನು ಸಾಯುವವರೆಗೆ ಅಳತೆಗಾರರನ್ನು ಕರೆಸಿ, ಮಚ್ಚು ಎಷ್ಟು ಜಗ್ಗಿದೆ ಎಂದು ಅಳೆಸುತ್ತಲೇ ಇದ್ದ. ಚಪ್ಪಟೆ ಮಾಳಿಗೆ ಬೇರೆ ಸೋರುತ್ತಿತ್ತು. ಇದು ಏಳು ಬಕೀಟಿನ ಮನೆ ಎಂದು ಆತ ತಮಾಷೆ ಮಾಡುತ್ತಿದ್ದನಂತೆ. ಎಂದರೆ ಮಳೆ ಬಂದರೆ ಏಳು ಕಡೆ ಬಕೀಟು ಇಡಬೇಕು. ೧೯೩೯ರಲ್ಲಿ ಮೇಲ್ಗಡೆ ಕಟ್ಟಿದ ಅತಿಥಿಗೃಹವೂ ಸೇರಿ ಖರ್ಚು ಸುಮಾರು ೧,೫೫,೦೦೦ ಡಾಲರು ಮುಟ್ಟಿತು. ಮೊದಲು ಮಾತಾಡಿಕೊಂಡದ್ದು ಇದರ ಒಂದು ಸಣ್ಣ ಪಾಲು.

೧೯೯೦ರ ದಶಕದಲ್ಲಿ ಅಳೆದಾಗ ಮಚ್ಚಿನ ತುದಿ ಸುಮಾರು ೭ ಅಂಗುಲ ಜಗ್ಗಿತ್ತು. ಲೆಕ್ಕ ಹಾಕಿದ ಇಂಜಿನಿಯರುಗಳಿಗೆ ಕಾರಣ ತಿಳಿಯಿತು. ಮೇಲಿನ ಅಂತಸ್ತಿನ ಮಚ್ಚು ತನ್ನ ಭಾರವನ್ನು ತಾನೇ ಹೊರಲಾರದೆ, ಕಿಟಕಿಯ ಉಕ್ಕಿನ ಕಡ್ಡಿಗಳ ಮೂಲಕ ಆ ಭಾರವನ್ನು ಕೆಳಗಿನ ನಡುಮನೆಯ ಮೇಲೆ ಹೇರಿತ್ತು. ಗುಟ್ಟಾಗಿ ಹಾಕಿದ ಇಮ್ಮಡಿ ಉಕ್ಕು ಸಹ ಸಾಕಾಗಿರಲಿಲ್ಲ. ಅದೂ ಇಲ್ಲದಿದ್ದರೆ ಮನೆ ಅಷ್ಟು ವರ್ಷ ನಿಲ್ಲುತ್ತಲೇ ಇರಲಿಲ್ಲ ಎಂಬುದು ಅನೇಕ ತಜ್ಞರ ಅಭಿಪ್ರಾಯ. ೧೯೯೭ರಲ್ಲಿ ಹಳ್ಳದೊಳಗೆ ಉಕ್ಕಿನ ಊರೆಗಳನ್ನು ಕೊಟ್ಟರು. ೨೦೦೨ರಲ್ಲಿ ನಡುಮನೆಯ ಚಪ್ಪಡಿಗಳಿಗೆ ಒಂದೊಂದಕ್ಕೂ ಸಂಖ್ಯೆ ಬರೆದು ಎತ್ತಿಟ್ಟು, ತೊಲೆಗಳ ಮಗ್ಗುಲಲ್ಲಿ ಉಕ್ಕಿನ ಬಲವಾದ ಹಗ್ಗಗಳನ್ನು ಹಾಯಿಸಿ ಬಿಗಿದು, ಚಪ್ಪಡಿಗಳನ್ನು ಇದ್ದಲ್ಲಿಯೇ ಮತ್ತೆ ಹಾಸಿದರು. ಜಗ್ಗಿದ್ದನ್ನು ಪೂರ್ತಿ ನೆಟ್ಟಗೆ ಮಾಡಲಿಲ್ಲ. ಇನ್ನು ಜಗ್ಗದಂತೆ ನಿಲ್ಲಿಸಿದರು. ಮುಪ್ಪಿನ ಬಾಗು ಉಳಿಯಿತು, ಬೀಳುವ ಭಯ ಹೋಯಿತು.

ಹಾಗಾದರೆ ರೈಟ್ ಸೋತನೆ? ಹಾಗೆನ್ನಲಾರೆ. ಬೆಟ್ಟವನ್ನು ನೋಡುವ ಕಣ್ಣು ಆತನಿಗಿದ್ದಷ್ಟು ಆ ಇಂಜಿನಿಯರುಗಳಿಗಿರಲಿಲ್ಲ. ಅವರಿಗೆ ಬಿಟ್ಟಿದ್ದರೆ ಈ ಮನೆಯೇ ಹುಟ್ಟುತ್ತಿರಲಿಲ್ಲ. ಭಾರವನ್ನು ಅಂಜಿಕೆಯಿಂದ ಲೆಕ್ಕ ಹಾಕುವ ವಿನಯ ಅವರಿಗಿದ್ದಷ್ಟು ಆತನಿಗಿರಲಿಲ್ಲ. ಆತನೊಬ್ಬನಿಗೇ ಬಿಟ್ಟಿದ್ದರೆ ಮನೆ ಉಳಿಯುತ್ತಿರಲಿಲ್ಲವೇನೋ. ನಿಸರ್ಗಕ್ಕೆ ಹೊಂದಿಕೊಳ್ಳುವುದೆಂದರೆ ಮರದ ಬಣ್ಣ, ಕಲ್ಲಿನ ಪದರ ಮಾತ್ರವಲ್ಲ. ಭೂಮಿಯ ಸೆಳೆತವೂ ನಿಸರ್ಗವೇ, ಮಳೆಯ ನೀರೂ ನಿಸರ್ಗವೇ. ಮರವನ್ನು ಕಂಡು ತೊಲೆಯನ್ನು ಬಾಗಿಸಿದವನು ಮಳೆಯನ್ನು ಕಂಡು ಮಾಳಿಗೆಯನ್ನು ಬಾಗಿಸಲಿಲ್ಲ.

ಈ ಕೊನೆಯ ಮಾತಿನಲ್ಲಿ ನಮ್ಮ ಮಲೆನಾಡಿನ ಮನೆ ಕಟ್ಟಿದವರು ಜಾಣರು. ವರ್ಷಕ್ಕೆ ೭೦೦೦ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಆಗುಂಬೆಯ ಸೀಮೆಯಲ್ಲಿ ಚಪ್ಪಟೆ ಮಾಳಿಗೆಯ ಮಾತನ್ನು ಹಿಂದಿನ ಯಾವ ಬಡಗಿಯೂ ಎತ್ತುತ್ತಿರಲಿಲ್ಲ. ಕಡಿದಾದ ಇಳಿಜಾರಿನ ಮಾಡು, ಗೋಡೆಗೆ ಇರಚಲು ಹೊಡೆಯದಂತೆ ತಗ್ಗಿಗೆ ಇಳಿದ ಸೂರು, ಬೆಟ್ಟದ ಕಡೆಯಿಂದ ಬರುವ ನೀರನ್ನು ಮನೆ ಬಳಸಿ ಸಾಗಿಸುವ ಕಾಲುವೆ. ಗದ್ದೆ ತೋಟಗಳಿಗೆ ಕಣಿವೆಯ ತಗ್ಗನ್ನು ಬಿಟ್ಟುಕೊಟ್ಟು, ಮನೆ ಪಕ್ಕದ ದಿಣ್ಣೆಯಲ್ಲಿ ನಿಲ್ಲುತ್ತಿತ್ತು. ಕೊಡಗಿನ ಐನ್‌ಮನೆಗಳೂ ಗದ್ದೆಯ ಬಯಲನ್ನು ನೋಡುವ ಎತ್ತರದಲ್ಲಿಯೇ ಇವೆ. ಇವನ್ನು ಕಟ್ಟಿದವರ ಹೆಸರು ಯಾವ ಪತ್ರಿಕೆಯ ಮುಖಪುಟಕ್ಕೂ ಬರಲಿಲ್ಲ. ಕಟ್ಟಿದವರು ಅಲ್ಲಿಯೇ ಹುಟ್ಟಿ ಅಲ್ಲಿಯೇ ನೆನೆದವರು. ಬೆಟ್ಟದ ಜಾತಕ ಅವರಿಗೆ ಬಾಯಿಪಾಠವಾಗಿತ್ತು.

ಇಂದು ಬೆಟ್ಟಕ್ಕೆ ಮನೆ ಕಟ್ಟಲು ಹೋಗುವವರಲ್ಲಿ ಬಹುಮಂದಿ ಹೊರಗಿನವರು, ನಮ್ಮಂಥ ಪಟ್ಟಣಿಗರು. ಮಣ್ಣೆತ್ತುವ ಯಂತ್ರ ತರಿಸಿದರೆ ಒಂದೇ ದಿನದಲ್ಲಿ ಇಳಿಜಾರು ಕಡಿದು ಸಮತಟ್ಟಾಗುತ್ತದೆ. ಆದರೆ ಬೆಟ್ಟದ ಕಾಲನ್ನು ಕಡಿದರೆ ಮೇಲಿನ ಮಣ್ಣಿಗೆ ಆಧಾರ ತಪ್ಪುತ್ತದೆ. ನೀರಿನ ಹಾದಿ ಮುಚ್ಚಿದರೆ ನೀರು ಮಣ್ಣಿನೊಳಗೆ ಇಳಿದು ಅದನ್ನು ಸಡಿಲಿಸುತ್ತದೆ. ೨೦೧೮ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಜರಿದು ಮನೆಗಳೂ ತೋಟಗಳೂ ಮಣ್ಣುಪಾಲಾದುದನ್ನು, ಜನ ಪ್ರಾಣ ಕಳೆದುಕೊಂಡುದನ್ನು ನಾವಾರೂ ಮರೆತಿಲ್ಲ. ಅಂದು ಸುರಿದ ಮಳೆ ಅಸಾಧಾರಣವಾದುದು, ನಿಜ. ಹಾಗೆಂದು ಬೆಟ್ಟದಲ್ಲಿ ಮನೆ ಕಟ್ಟುವವನ ಹೊಣೆ ಕಡಮೆಯಾಗುವುದಿಲ್ಲ. ಅಲ್ಲಿ ತಪ್ಪಿದ ಲೆಕ್ಕದ ಬೆಲೆಯನ್ನು ಕಟ್ಟಿಸಿದವನೊಬ್ಬನೇ ತೆರುವುದಿಲ್ಲ, ಕೆಳಗಿನ ಮನೆಯವರೂ ತೆರುತ್ತಾರೆ.

ಕರಡಿಹಳ್ಳದ ಮನೆಯ ಕಥೆಯ ಕೊನೆಯ ಭಾಗ ಇನ್ನೂ ಉಳಿದಿದೆ. ಲಿಲಿಯನ್ ೧೯೫೨ರಲ್ಲಿಯೂ ಸಾಹುಕಾರ ೧೯೫೫ರಲ್ಲಿಯೂ ತೀರಿಕೊಂಡರು. ಹಿಂದೆ ಶಿಷ್ಯನಾಗಿದ್ದ ಮಗ ೧೯೬೩ರಲ್ಲಿ ಮನೆಯನ್ನೂ ಅದರ ಸುತ್ತಲಿನ ಕಾಡನ್ನೂ ಪಶ್ಚಿಮ ಪೆನ್ಸಿಲ್ವೇನಿಯದ ನಿಸರ್ಗ ಸಂರಕ್ಷಣ ಸಂಸ್ಥೆಗೆ ಒಪ್ಪಿಸಿಬಿಟ್ಟ. ೧೯೬೪ರಿಂದ ಸಾರ್ವಜನಿಕರಿಗೆ ಬಾಗಿಲು ತೆರೆಯಿತು. ೨೦೧೯ರಲ್ಲಿ ಯುನೆಸ್ಕೋ ರೈಟ್‌ನ ಎಂಟು ಕಟ್ಟಡಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಹುಬ್ಬಿನ ಮೇಲಿನ ಟೆಲಿಯೆಸಿನ್ನೂ ಅಬ್ಬಿಯ ಮೇಲಿನ ಈ ಮನೆಯೂ ಅದರಲ್ಲಿದ್ದವು. ಕಾದಿಟ್ಟ ಕಾಡು ಬೆಳೆದು ಸುಮಾರು ೫೦೦೦ ಎಕರೆಯಾಗಿದೆ. ಒಮ್ಮೆ ಮರ ಕಡಿದು ಕಲ್ಲಿದ್ದಲು ತೋಡಿದ್ದ ಕಣಿವೆಯಲ್ಲಿ, ಒಂದು ಮನೆಯ ದೆಸೆಯಿಂದ, ಕಾಡು ಗೆದ್ದಿತು. ಮನೆಯ ಗೋಡೆ ಸೋರಬಹುದು, ಮಚ್ಚು ಜಗ್ಗಬಹುದು. ಇಷ್ಟನ್ನು ಬೆಟ್ಟಕ್ಕೆ ಹಿಂದಿರುಗಿಸಿದ ಮನೆಗಳು ಎಷ್ಟಿವೆ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಬೆಟ್ಟದಲ್ಲಿ ಮನೆ ಕಟ್ಟುವುದು ಮದುವೆಯೇ ಸರಿ. ಬೆಟ್ಟದ ಕಡೆಯವರನ್ನೂ ಕೇಳಬೇಕಾಗುತ್ತದೆ. ನಿಮಗೆ ಎಂದಾದರೂ ಅಂಥ ಯೋಗ ಕೂಡಿಬಂದರೆ, ಬೇಸಗೆಯ ರಜೆಯಲ್ಲಿ ಜಾಗ ನೋಡಿ ಮುಂಗಡ ಕೊಟ್ಟು ಬರಬೇಡಿ. ಆಷಾಢದ ಮಳೆಯಲ್ಲಿ ಹೋಗಿ. ನೀರು ಎತ್ತಣಿಂದ ಬಂದು ಎತ್ತ ಹೋಗುತ್ತದೆಂದು ನೋಡಿ. ಯಾವ ಮರ ನಿಲ್ಲಬೇಕು, ಯಾವ ಬಂಡೆ ಕದಲಬಾರದು ಎಂದು ಗುರುತು ಹಾಕಿ. ಎಲ್ಲಕ್ಕಿಂತ ಚೆಲುವಾದ ಜಾಗ ಯಾವುದೋ ಅದರ ಮೇಲೆ ಕಟ್ಟದೆ, ಅದರ ಪಕ್ಕದಲ್ಲಿ ನಿಲ್ಲುವುದು ಸಾಧ್ಯವೇ ಎಂದು ಯೋಚಿಸಿ. ಭಾರದ ಲೆಕ್ಕ ಬಲ್ಲವನು ಬೇಡವೆಂದಾಗ ಕೋಪಿಸಿಕೊಳ್ಳಬೇಡಿ. ಇಷ್ಟೆಲ್ಲ ಆದ ಮೇಲೆ ಕೊಡೆ ಹಿಡಿದು ಒಂದು ಕಲ್ಲಿನ ಮೇಲೆ ಸುಮ್ಮನೆ ಕುಳಿತು, ಸ್ವಲ್ಪ ಹೊತ್ತು ಆ ಜಾಗದ ಸದ್ದನ್ನು ಕೇಳಿ. ಮನೆಯ ನಕ್ಷೆ ಆಮೇಲಿನ ಮಾತು.